ಮಾನಖುರ್ದದ ಪಾಳಿಯೊಳಗ

ಗ್ಯಾಸ್ ಪಂಪಿಗೆ ಇನ್ನೂ ನಲವತ್ತೊಂದು ರಿಕ್ಷಾ.
ಎಂಜಿನ್ ಆರಿಸೀನಿ, ಮೀಟರೂ ಆರಿಸೀನಿ.
ಹಿಂದಿನ ಸೀಟಿನಾಗ ಪಡಿಯಾರ ಸಾಹೇಬ್ರು,
ಟ್ರಾಂಬೆಯೊಳಗ ಅಣುಭಟ್ಟಿಗೆ ಗ್ವಾಡಿ ಕಟ್ಟಿಸಿದವರು,
ಮೂವತ್ಮೂರು ವರ್ಷ ಸೀಸದ ಲೆಕ್ಕ ಬರದವರು,
ಈಗ ಮೊಣಕಾಲಿನ ಎಕ್ಸ್‌ರೇ ಹಿಡಕೊಂಡು ಕುಂತಾರ.

ಕೇಳೇಬಿಟ್ಟೆ:
ಸಾಹೇಬ್ರ, ನಿಮ್ಮ ಅಣು ಒಂದು ಚಿಟಿಕಿ
ಈ ಸೀಟಿನ ಕೆಳಗ ಇಟ್ಟರ ಹೆಂಗ?
ಸಾಯೂತನಕ ಪಾಳಿ ತಪ್ಪತದಲ್ಲ?

ನಗಲಿಲ್ಲ ಅವರು. ಲಕೋಟಿ ತಿರುವಿ
ಪೆನ್ಸಿಲ್ ತಗದು ಗೀಚಲಿಕ್ಕೆ ಹತ್ತಿದರು.

“ನಿನ್ನ ಜನ್ಮಕ್ಕೆ ಸುಟ್ಟು ಮುಗಿಯುವುದು
ಒಂದು ಹುಣಸೆಬೀಜದಷ್ಟು ಮಾರಾಯ.
ಆದರೆ ಒಂಟಿ ಬೀಜ ಹೊತ್ತಿಕೊಳ್ಳುವುದಿಲ್ಲ,
ಮೂಟೆಯೇ ಬೇಕು ಜೊತೆಗೆ.
ಮೂಟೆಗೆ ಗೋಡೆ.
ಗೋಡೆ ಹೊರಲಿಕ್ಕೆ ಚಕ್ರ.
ಚಕ್ರ ತಿರುಗಲಿಕ್ಕೆ ಇನ್ನೂ ದೊಡ್ಡ ಮೂಟೆ.”

ಮತ್ತ ಪ್ಯಾಸೆಂಜರ್ ಎಲ್ಲಿ ಕೂಡೂದ್ರೀ?

“ಗೋಡೆಯಿಂದ ಆಚೆ.”

ಗಾಡಿ ಮೈಮ್ಯಾಲಿನ ನೆಗ್ಗು ಎಣಿಸಿದೆ:
ಸಾಯನ್ ಸರ್ಕಲ್ಲಿನ ಟೆಂಪೋದ್ದು, ಗೋವಂಡಿ ಹೋರಿದು,
ಪೊಲೀಸನ ಲಾಠಿದು ಎರಡು.
ಒಟ್ಟು ಹನ್ನೊಂದು.
ಬ್ಯಾಟರಿ ಎರಡು ಸಲ ಕದ್ದಾರ.
ಕುರ್ಲಾದ ಗುಜರಿಯೊಳಗ ನನ್ನದನ್ನ ನಾನ ಕೊಂಡು ತಂದೀನಿ.
ಬೀಜ ಕದ್ದವ ಅದನ್ನ ಕಿಸೆದಾಗ ಇಟಗೊಂಡು
ಹೆಂಡ್ರು ಮಕ್ಕಳ ನಡುವ ಹೋಗಿ ಮಲಗಿದರ?

“ಇನ್ನೊಂದುಂಟು,” ಅಂದರು,
“ಚಾವಿ ತೆಗೆದ ಮೇಲೂ ಅದು ಆರುವುದಿಲ್ಲ.
ಒಳಗೊಳಗೇ ಬೇಯುತ್ತಿರುತ್ತದೆ.
ರಾತ್ರಿಯಿಡೀ ನೀರು ಉಣಿಸುತ್ತಿರಬೇಕು.”

ನಮ್ಮ ಗಲ್ಲಿಗೆ ನೀರು ಬರೂದು
ನಸಿಕಿನ್ಯಾಗ ನಾಕಕ್ಕ, ಅರ್ಧ ತಾಸು.
ರಿಕ್ಷಾ ನಿಲ್ಲೂದು ಗ್ವಾಡಿಗೆ ಹತ್ತಿ,
ಗ್ವಾಡಿ ಆಕಡೆ ಸಣ್ಣ ಮಗಳ ಹಾಸಿಗಿ.
ಗ್ವಾಡಿ ಅಂತೀನಿ, ಪತ್ರಾ ಅದು.

ಅಷ್ಟರಾಗ ಪನವೇಲ್ ಲೋಕಲ್ ಹಾದು ಹೋತು,
ಮ್ಯಾಲಿನ ತಂತಿಗೆ ಒಂದು ನೀಲಿ ಕಿಡಿ.
“ಅದರಲ್ಲಿ ತಾರಾಪುರದ್ದೂ
ಒಂದು ಗುಟುಕು ಇದ್ದೀತು,” ಅಂದರು ಸಾಹೇಬ್ರು,
ಕಿಡಕಿಗೆ ಜೋತುಬಿದ್ದ ಮಂದಿ ನೋಡಿಕೋತ.

ಹಂಗಾರ ಒಲಿ ಅಲ್ಲೇ ಇರಲಿ ಬಿಡ್ರಿ,
ಬುತ್ತಿ ಅಷ್ಟ ಗಾಡಿಯಾಗ ಬರಲಿ.

ಅವರು ಏನೂ ಅನಲಿಲ್ಲ.
ಲಕೋಟಿ ಮಡಚಿ ಸೀಟಿನ ಮ್ಯಾಲ ಇಟ್ಟರು.
ಮುಂದಿನ ರಿಕ್ಷಾ ಒಂದು ಮಾರು ಸರೀತು.
ಬ್ಯಾಡ್ರೀ ಅಂದರೂ ಕೇಳದ ಇಳದು,
ಒಂದು ಕೈ ಮೊಣಕಾಲಿಗೆ, ಒಂದು ಕೈ ಗಾಡಿಗೆ,
ಹಿಂದಿಂದ ನೂಕಿದರು.
ಮುನ್ನೂರೈವತ್ತು ಕಿಲೋ.
ಹಗುರಕ ಸರೀತು.

ಇನ್ನೂ ನಲವತ್ತು.