ಬೆಳಕು ತಾಗಿದ್ದು

ಮನಾಮದ ಜುಫೈರ್. ಆಗಸ್ಟ್. ಬೆಳಗಿನ ಹನ್ನೊಂದು.
ಸರ್ವಿಸ್ ಲಿಫ್ಟ್ ಕೆಟ್ಟು, ನಲವತ್ತು ಟ್ರೇ
ರ‍್ಯಾಂಪಿನ ಮೇಲೆ ನಿಂತಿದ್ದವು.
ರಟ್ಟು ಉಳಿಸಲು ಮುಚ್ಚಳವಿಲ್ಲದೆ ಬಂದವು,
ಮೈಮೇಲೆ ತೆಳ್ಳನೆ ಪ್ಲಾಸ್ಟಿಕ್ಕು ಮಾತ್ರ.
ಸಹಿ ಹಾಕಿದವನು ನಾನು.
ನೆರಳಿಗೆ ಹೋದವನೂ ನಾನೇ.

ರಾತ್ರಿ ಡೆಟ್ಲೆಫ್ ಒಂದು ಗುಟುಕು ಕುಡಿದು
ಗ್ಲಾಸು ದೂರ ತಳ್ಳಿದ.
ಡ್ರೈಡಾಕಿನ ಕ್ರೇನು ರಿಪೇರಿಯವನು, ಜಗಳಗಂಟನಲ್ಲ.
'ನನ್ನೂರಿನ ಬಿಯರ್ ಇದು. ಆ ಕಾರ್ಖಾನೆಯ ಗೋಡೆಗೆ
ಚೆಂಡು ಒದ್ದು ಬೆಳೆದವನು ನಾನು.
ಇದಕ್ಕೆ ಬೆಳಕು ತಾಗಿದೆ.'

ದೃಷ್ಟಿ ತಾಗುತ್ತದೆ, ಗಾಳಿ ಸೋಕುತ್ತದೆ.
ಬೆಳಕು?

ಕಂದು ಗಾಜು ಬಿಸಿಲನ್ನು ಹೊಸಿಲಲ್ಲೇ ತಡೆಯುತ್ತದಂತೆ.
ಹಸಿರು ಗಾಜು 'ಬನ್ನಿ, ಕೂತ್ಕೊಳ್ಳಿ' ಅನ್ನುತ್ತದೆ.
ಆಮೇಲೆ ಹಾಪ್ಸಿನ ಕಹಿ ಕೆಟ್ಟು
ಯಾವುದೋ ಪ್ರಾಣಿಯ ನಾತ:
ಕಪ್ಪು ಮೈ, ಬಿಳಿ ಪಟ್ಟೆ, ಬಾಲ ಎತ್ತಿದರೆ ಓಡಬೇಕು.
ಫೋನಿನಲ್ಲಿ ಚಿತ್ರ ತೋರಿಸಿದ.
ಅವನೂ ಅದನ್ನು ಕಂಡವನಲ್ಲ.

'ಹಾಗಾದರೆ ಕ್ಯಾನ್ ಕೊಡಲೇ?' ಅಂದಳು ಮರಿವಿಕ್.
'ಕ್ಯಾನೇ? ಬರೀ ತಗಡಿನ ರುಚಿ,' ಅಂದ ನೊಂದವನಂತೆ.
ಅವಳು ಕೌಂಟರಿನ ಹಿಂದೆ ಬಗ್ಗಿ
ಕ್ಯಾನಿನ ಕಿವಿ ಕಿತ್ತ ಸದ್ದಿಗೆ ಒಂದು ಕೆಮ್ಮು ಬೆರೆಸಿದಳು.
ಎತ್ತರದ ಗ್ಲಾಸು, ಮೂರು ಬೆರಳು ನೊರೆ.
ಕುಡಿದ. ಕಣ್ಣು ಮುಚ್ಚಿದ. ತುಂಬ ಹೊತ್ತು ತೆರೆಯಲಿಲ್ಲ.
'ಇದು! ಸೀಸೆ ತೋರಿಸು.'
'ಬಿಸಾಡಿದೆ, ಸರ್.'

ಅವನು ಬಿಟ್ಟ ಹಸಿರು ಸೀಸೆ ನನ್ನ ಪಾಲಿಗೆ ಬಂತು.
ಗುದೈಬಿಯಾದ ರೂಮಿನಲ್ಲಿ,
ಎಸಿಯ ನೀರು ತೊಟ್ಟಿಕ್ಕುವ ಬಕೆಟ್ಟಿನ ಪಕ್ಕ ಕೂತು
ಮೂಗಿಗೆ ಹಿಡಿದೆ.
ಅರೆ, ಕಬ್ಬೆಕ್ಕು!

ಬೊಗ್ಗು ಮಾವ ತಾಳೆಮರದಿಂದ ಇಳಿದು
ಕುಡಿಕೆ ಮೂಸಿ ಬೈಯುತ್ತಿದ್ದ:
'ರಾತ್ರಿ ಬಂದಿದೆ ಬೇವರ್ಸಿ. ತಲೆ ತುರುಕಿ ಕುಡಿದು ಹೋಗಿದೆ.'
ಆ ಕಳ್ಳು ಮಾರುವ ಹಾಗಿಲ್ಲ, ಚೆಲ್ಲಲು ಮನಸ್ಸಿಲ್ಲ;
ಅವನಿಗೆ ಮುಕ್ಕಾಲು, ನನಗೆ ಕಾಲು,
ಅಮ್ಮನಿಗೆ ಹೇಳಬಾರದು.
ಮಣ್ಣಿನ ಕುಡಿಕೆಯಿಂದ ಇಳಿದರೆ ಕಳ್ಳು ಸತ್ತಂತೆ ಅನ್ನುತ್ತಿದ್ದ,
ಪೇಟೆಗೆ ಹೊರಟ ನೀಲಿ ಪ್ಲಾಸ್ಟಿಕ್ ಕ್ಯಾನಿಗೆ
ಅದನ್ನೇ ಸುರಿಯುತ್ತ.

ಡೆಟ್ಲೆಫ್, ನಿನ್ನೂರು ಕೆಟ್ಟು
ನನ್ನೂರಾಗಿದೆ ಇದರೊಳಗೆ.
ಹೇಳಿದರೆ ನಿನಗೆ ಬೇಜಾರು.
ತಳದವರೆಗೂ ಕುಡಿದೆ.

ನಾಳೆ ಉಳಿದ ಮೂವತ್ತೊಂಬತ್ತರ ಲೆಕ್ಕ ಕೊಡಬೇಕು.
ಮುಂದಿನ ಲೋಡು ಬಂದಾಗ ಹೊದಿಸಲೆಂದು
ಹಾಸಿಗೆಯ ಕಂದು ಕಂಬಳಿ ಮಡಚಿ ಚೀಲಕ್ಕೆ ಹಾಕಿದೆ.
ಸ್ವಲ್ಪ ಗಿಡ್ಡ ಅದು.
ಒಂದು ಟ್ರೇ ಹೊರಗೆ ಉಳಿಯುತ್ತದೆ.
ಉಳಿಯಲಿ.