ವಿಳಾಸ ಅಪೂರ್ಣ

ಅರ್ಜಿಯ ಮೊದಲ ಪುಟದಲ್ಲೇ ರಶೀದಾ
ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಳು: ವಿಳಾಸ ಅಪೂರ್ಣ.
ನೊಂಬಾಸಾ ಡೀಕೊ, ಆಂಬುಲೆನ್ಸ್ ಪ್ಯಾರಾಮೆಡಿಕ್, ಲುಸಿಕಿಸಿಕಿ.
ಬೀದಿಯ ಹೆಸರು ಕೇಳಿದ ಕಡೆ ಬರೆದಿದ್ದಾಳೆ,
'ಎರಡನೇ ಸೇತುವೆ ದಾಟಿ, ಸುಟ್ಟ ಅಂಗಡಿಯ ಎಡಕ್ಕೆ,
ಹಸಿರು ಬಾಗಿಲ ಗುಂಡುಮನೆ. ನಾಯಿ ಕಚ್ಚುವುದಿಲ್ಲ.'

ಕೇಪ್‌ಟೌನಿನ ಆರನೇ ಮಹಡಿಯಲ್ಲಿ ನಾವು ಐವರು.
ಉಳಿದದ್ದು ಒಂದೇ ಅನುದಾನ, ಹೊಸಬರ ಪಾಲಿನದು.
ಅರ್ಜಿ ಎರಡು.
ಮೊದಲನೆಯದರಲ್ಲಿ ಹನ್ನೊಂದು ಬಣ್ಣದ ನಕ್ಷೆ,
ಹೆಲಿಕಾಪ್ಟರಿನೊಳಗೇ ರಕ್ತ ಪರೀಕ್ಷಿಸುವ ಯಂತ್ರ,
ಮೂವರು ಪ್ರೊಫೆಸರರ ಸಹಿ.

ಇವಳ ಪ್ರಶ್ನೆ ಒಂದು ಸಾಲಿನದು:
ಕರೆ ಬಂದ ಮೇಲೆ, ಮನೆ ಹುಡುಕುವುದರಲ್ಲೇ
ನಾವು ಎಷ್ಟು ನಿಮಿಷ ಕಳೆಯುತ್ತೇವೆ?

ಎರಡು ವರ್ಷ, ಪಾಳಿ ಮುಗಿದ ಮೇಲೆ,
ಗ್ಲೌಸಿನ ಖಾಲಿ ಡಬ್ಬಿಯ ರಟ್ಟಿನಲ್ಲಿ ಗುರುತು ಹಾಕಿದ್ದಾಳೆ.
'ಶಾಲೆಯ ಹಿಂದೆ.' ಶಾಲೆ ಮೂರು. ಹದಿನೇಳು ನಿಮಿಷ.
'ಅಮ್ಮ ಟಾರ್ಚ್ ಹಿಡಿದು ನಿಂತಿದ್ದಾಳೆ.'
ಅವತ್ತು ಊರಿಗೇ ಕರೆಂಟಿರಲಿಲ್ಲ,
ಗುಡ್ಡದ ತುಂಬ ಟಾರ್ಚು. ಇಪ್ಪತ್ತಾರು.
'ಬೇಗ ಬನ್ನಿ.' ಅಷ್ಟರಲ್ಲಿ ಫೋನಿನ ಚಾರ್ಜು ಮುಗಿಯಿತು.
ಆ ಸಾಲಿನ ಮುಂದೆ ಅಂಕಿಯಿಲ್ಲ.

ಬೇಕಾದದ್ದು: ತಿಂಗಳಿಗೆ ಆರು ರಾತ್ರಿ
ನನ್ನ ಬದಲು ದುಡಿಯುವವರ ಸಂಬಳ,
ಪೆಟ್ರೋಲು,
ಲೆಕ್ಕಾಚಾರ ಕಲಿಸಲು ಯಾರಾದರೂ ಒಬ್ಬರು, ಬೈಯದವರಾದರೆ ಒಳ್ಳೆಯದು,
ಮಳೆಯಲ್ಲೂ ಬರೆಯಬಹುದಾದ ನೋಟ್‌ಬುಕ್ಕು, ನಾಲ್ಕು.

ಡಾಕ್ಟರ್ ಫೂರಿ ಕನ್ನಡಕ ತೆಗೆದರು.
'ಇದು ವಿಜ್ಞಾನವೋ, ಅಂಚೆಯವನ ಗೋಳೋ?'
ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ.

ಮೂವತ್ತು ವರ್ಷದ ಹಿಂದೆ ಅದೇ ದಾರಿಯಲ್ಲಿ
ಗಾಡಿ ಓಡಿಸಿದವನು ನಾನು.
ಒಂದು ರಾತ್ರಿ ಹೆರಿಗೆ ನೋವಿನ ಮನೆಯನ್ನು
ಎರಡು ಸಲ ದಾಟಿ ಹೋದೆ.
ಮೂರನೇ ಸಲ ಮನೆ ಗೊತ್ತಾದದ್ದು
ಒಳಗಿಂದ ಎದ್ದ ಹೆಂಗಸರ ಅಳುವಿನಿಂದ.
ವರದಿಯಲ್ಲಿ ಬರೆದೆ: ರಸ್ತೆ ಕೆಟ್ಟಿತ್ತು.
ರಸ್ತೆ ಕೆಟ್ಟದ್ದು ನಿಜವೇ.

ಅದನ್ನು ಆ ಮೇಜಿನ ಮುಂದೆ ಹೇಳಲಾಗಲಿಲ್ಲ.
ಕೈ ಎತ್ತಿದೆ, ಅಷ್ಟೆ.
ಈ ಕಡೆ ಮೂರು, ಆ ಕಡೆ ಎರಡು.

ಕೇಳಿದ್ದರಲ್ಲಿ ಅರ್ಧ ಕೊಟ್ಟೆವು.
ಉಳಿದದ್ದಕ್ಕೆ ಮುಂದಿನ ವರ್ಷ ಬರೆಯಲಿ ಎಂದರು ಫೂರಿ;
ಊಟದ ಹೊತ್ತು ಮೀರಿತ್ತು.
ನಾಲ್ಕು ನೋಟ್‌ಬುಕ್ಕನ್ನು ಎರಡು ಮಾಡಹೊರಟ ಪೆನ್ನನ್ನು
ಕೈ ಅಡ್ಡ ಇಟ್ಟು ತಡೆದೆ.
ನನ್ನಿಂದಾದದ್ದು ಅಷ್ಟು.

ಲಕೋಟೆ ಹಿಡಿದು ಬಂದ ರಶೀದಾ ಕೇಳಿದಳು,
ವಿಳಾಸ ಏನಂತ ಬರೆಯಲಿ?
ಅವಳು ಬರೆದ ಹಾಗೇ, ಎಂದೆ.
ನಾಯಿಯನ್ನೂ?
ನಾಯಿಯನ್ನೂ.