ಬಲೆಯ ಕಣ್ಣು

ಮುಯ್ನಾಕಿನಲ್ಲಿ ಈಗ ಕಡಲಿಲ್ಲ.
ಇತ್ತು ಅನ್ನುವುದಕ್ಕೆ ಸಾಕ್ಷಿ
ಮರಳಲ್ಲಿ ವಾಲಿ ನಿಂತ ಕೆಲವು ದೋಣಿ,
ಅವುಗಳ ನೆರಳಲ್ಲಿ ಮೆಲುಕು ಹಾಕುವ ಹಸು,
ಮತ್ತೆ, ಬೀದಿಯ ಕೊನೆಯ ಮನೆಯಲ್ಲಿ
ಎರ್ನಾ ಅಜ್ಜಿಯ ಬಲೆ.

ಬಿಸಿಲಿಳಿದ ಮೇಲೆ ಹೊಸ್ತಿಲಲ್ಲಿ ಕೂತು
ಮೂಳೆಯ ಸೂಜಿಗೆ ನೂಲು ಸುತ್ತಿ
ಹರಿದ ಕಣ್ಣು ಹುಡುಕಿ ಗಂಟು ಹಾಕುವಳು.
ಯಾವ ಮೀನಿಗೆ ಅಜ್ಜಿ, ಎಂದರೆ
ಹುಟ್ಟದ ಮೀನಿಗೆ, ಎಂದು ನಗುವಳು
ಉಳಿದ ಮೂರು ಹಲ್ಲಲ್ಲೇ ನೂಲು ಕಡಿದು.

ನಮ್ಮ ಸಭೆ ಸೇರುತ್ತಿದ್ದುದು ಅವಳ ಅಡುಗೆಮನೆಯಲ್ಲಿ.
ಕಿಟಕಿಗೆ ಕಂಬಳಿ, ಕೂರಲು ಎರಡು ಬೆಂಚು.
ಅಲ್ಲೇ ಕೇಳಿದ್ದು ಪ್ರವಾದಿ ಕಂಡ ಆ ನದಿಯ ಮಾತು:
ದೇವಾಲಯದ ಹೊಸ್ತಿಲಡಿಯಿಂದ ಜಿನುಗಿ
ಮೊದಲು ಹರಡಿಗೆ, ಆಮೇಲೆ ಮೊಣಕಾಲಿಗೆ, ಸೊಂಟಕ್ಕೆ,
ಕೊನೆಗೆ ಈಜದೆ ದಾಟಲಾಗದಷ್ಟಾಗಿ
ಸತ್ತ ಕಡಲಿಗೆ ಬಿದ್ದು ಅದನ್ನು ಸಿಹಿ ಮಾಡುವುದಂತೆ.
ದಡದುದ್ದಕ್ಕೂ ಬೆಸ್ತರು ಬಲೆ ಹರವುವರಂತೆ.

ಹರವುವುದಕ್ಕೆ ಬಲೆ ಬೇಕಲ್ಲ, ಅಂದಳು ಎರ್ನಾ.
ಅಷ್ಟೇ ಅವಳ ವ್ಯಾಖ್ಯಾನ.

ತಾಷ್ಕೆಂಟಿನಿಂದ ಒಮ್ಮೆ ರೋಡಿಯೋನ್ ಎಂಬ ಬೋಧಕ ಬಂದ.
ಗೋಡೆಗೆ ಬಟ್ಟೆಯ ನಕ್ಷೆ ಹೊಡೆದ:
ಮೃಗಗಳು, ಕೊಂಬುಗಳು, ವರ್ಷಗಳ ಏಣಿ.
ಕೂಡಿಸಿ ಕಳೆದು, ಅರ್ಧ ಕಾಲವನ್ನೂ ಬಿಡದೆ ಎಣಿಸಿ,
ಬರುವ ಸುಗ್ಗಿಗೆ ನೀರು, ಎಂದ.
ಆ ಮಾತಿಗೆ ನನ್ನಪ್ಪ ಒಂಟೆ ಮಾರಿ
ದೋಣಿಗೆ ಮೋಟಾರು ತಂದ.

ಸುಗ್ಗಿ ಬಂತು. ಉಪ್ಪಿನ ಗಾಳಿ ಬಂತು.
ಬೋಧಕ ಬರಲಿಲ್ಲ.

ಆ ಚಳಿಗಾಲಕ್ಕೆ ಒಂದೇ ಬೆಂಚು ಸಾಕಾಯಿತು.
ಅಪ್ಪ ಮೋಟಾರಿಗೆ ಗೋಣಿ ಹೊದಿಸಿದ.
ಅದರ ಮಾತೆತ್ತಲಿಲ್ಲ, ದೇವರದ್ದೂ ಎತ್ತಲಿಲ್ಲ.

ನಾನು ಸಿಟ್ಟಲ್ಲಿ ಅಜ್ಜಿಯ ಮುಂದೆ ಪುಟ ಬಿಡಿಸಿಟ್ಟೆ:
ಇದನ್ನೂ ಓದು. ಕೆಸರು, ಜೌಗು ಸಿಹಿಯಾಗವು,
ಅವು ಉಪ್ಪಿಗೇ ಬಿಟ್ಟದ್ದು ಅಂತಿದೆ.
ಆ ಜೌಗು ನಾವು. ಮುಗೀತು.

ಅವಳು ತುಂಬ ಹೊತ್ತು ಮಾತಾಡಲಿಲ್ಲ.
ಕನ್ನಡಕ ತೆಗೆದು ತಲೆವಸ್ತ್ರದ ತುದಿಯಲ್ಲಿ ಒರೆಸಿದಳು.
ಇರಬಹುದು, ಅಂದಳು.
ವೋಲ್ಗಾ ದಂಡೆಯಿಂದ ನಮ್ಮನ್ನು ರೈಲಿಗೆ ತುಂಬಿದಾಗ
ನನಗೆ ಆರು ವರ್ಷ. ಅಮ್ಮ ಒಂದು ಹಿಡಿ ಉಪ್ಪು ಗಂಟು ಕಟ್ಟಿಕೊಂಡಳು,
ಎಲ್ಲಿಗೆ ಹೋದರೂ ರೊಟ್ಟಿಗೆ ಬೇಕು ಅಂತ.
ಉಪ್ಪಿಗೆ ಬಿಟ್ಟ ನೆಲ ಅಂದರೆ
ಕೈಬಿಟ್ಟ ನೆಲ ಅಂತ ಯಾರು ಹೇಳಿದ್ದು?
ನನಗೂ ಗೊತ್ತಿಲ್ಲ, ಜೋಲ್ದಾಸ್. ಆ ಸೂಜಿ ಕೊಡು ಇತ್ತ.

ಮುಂದಿನ ವಸಂತದಲ್ಲಿ ಕಡಲ ತಳದಲ್ಲಿ
ಸಕ್ಸಾವುಲ್ ನೆಡುವ ಕೂಲಿ ಸಿಕ್ಕಿತು.
ಗೇಣುದ್ದದ ಸಸಿ, ಒಣಕಡ್ಡಿಯಂಥದ್ದು.
ಎರಡು ಸಲ ನೆಟ್ಟೆವು, ಎರಡು ಸಲವೂ ಮೇಕೆಗಳು ಮೇಯ್ದವು.
ಮೂರನೆಯ ಬೆಳಿಗ್ಗೆ
ಕತ್ತೆಗಾಡಿಯಲ್ಲಿ ಎರ್ನಾ, ಬೆನ್ನ ಹಿಂದೆ ಗುಡ್ಡದಷ್ಟು ಬಲೆ.
ಇಪ್ಪತ್ತೆಂಟು ವರ್ಷದ ಗಂಟುಗಳು.
ಇಳಿದವಳೇ, ಗೂಟ ಹೊಡೀರಿ, ಅಂದಳು.

ಒಂದು ಕಾಲಕ್ಕೆ ಮೀನು ಮೊಟ್ಟೆಯಿಟ್ಟ ಜಾಗದಲ್ಲಿ
ದಡದುದ್ದಕ್ಕೂ ಬಲೆ ಹರವಿದೆವು.
ಅಪ್ಪ ಗೋಣಿ ತೆಗೆದು ಮೋಟಾರನ್ನು ಬಾವಿಗೆ ಕೂರಿಸಿದ.
ಬಂದದ್ದು ಉಪ್ಪುನೀರೇ. ಸಸಿ ಅದನ್ನೇ ಕುಡಿಯಿತು.

ನೆರವೇರಿತು! ಎಂದು ಯಾರೋ ಕೂಗಿದರು.
ಎರ್ನಾ ತಲೆಯಾಡಿಸಿದಳು, ಇಲ್ಲ ಎಂಬಂತೆ.
ಇದು ಮೇಕೆಗೆ. ಅದು ಬೇರೆ.
ಸಂಜೆ ಹೊಸ ಬಲೆ ಶುರು ಮಾಡಿದಳು, ಮೀನಿನದು.

ನಾಲ್ಕು ವರ್ಷವಾದರೂ ನನ್ನ ಸಾಲಿನ ಸಸಿ
ಮೊಣಕಾಲು ದಾಟಲಿಲ್ಲ.
ಸತ್ತಿದೆಯೇನೋ ಎಂದು ಒಂದರ ಬುಡ ಬಿಡಿಸಿದೆ.
ಹರಡಿನ ಆಳ ಅಗೆದೆ, ಮೊಣಕಾಲಿನ ಆಳ ಅಗೆದೆ,
ಸೊಂಟದ ಆಳ ಇಳಿದು ನಿಂತೆ.
ಬೇರು ಮುಗಿಯಲಿಲ್ಲ.

ಮಣ್ಣು ಮುಚ್ಚಿ ಮನೆಗೆ ಬಂದೆ, ನಾಚಿಕೊಂಡು.
ಎರ್ನಾಗೆ ಈಗ ಬಲೆಯ ಕಣ್ಣು ಕಾಣಿಸದು,
ಬೆರಳಲ್ಲೇ ತಡವಿ ಗಂಟು ಹಾಕುತ್ತಾಳೆ.
ಪಕ್ಕದಲ್ಲಿ ಕೂತು
ನೂಲು ಸುತ್ತುವುದು ಹೇಗೆ, ಎಂದು ಕೇಳಿದೆ.